ಸೋಸಿದ ನೀರಿನ ಸರ್ಟಿಫಿಕೇಟು

ಕೊರಂಟಬೆಟ್ಟಿನ ಜೆರ್ಟ್ರೂಡ್ ಹದಿನಾಲ್ಕು ವರ್ಷಗಳಿಂದ ಮದುವೆಯ ಬಿಳಿ ಗೌನುಗಳನ್ನು ಬಾಡಿಗೆಗೆ ಕೊಡುತ್ತಿದ್ದಳು. ಮದುಮಗಳ ತಾಯಂದಿರಷ್ಟು ಅಲ್ಪರು ಭೂಮಿಯ ಮೇಲೆ ಬೇರೆ ಇಲ್ಲ ಎಂಬುದು ಅಷ್ಟು ವರ್ಷಗಳಲ್ಲಿ ಅವಳಿಗೆ ಖಚಿತವಾಗಿತ್ತು. ಕಾರ್ಕಳದವರು ಲೇಸನ್ನು ಎಳೆದು ನೋಡುತ್ತಾರೆ. ಉಡುಪಿಯವರು ಬೊಂಬಾಯಿಯಲ್ಲಿ ಇದಕ್ಕಿಂತ ಒಳ್ಳೆಯದು ಸಿಗುತ್ತದೆ ಎನ್ನುತ್ತಾರೆ. ಕಾಪು ಕಡೆಯವರಲ್ಲಿ ಗಂಡ ಬಹರೈನಿನಲ್ಲಿದ್ದರೆ ಮುಗಿಯಿತು, ಇದು ಎಷ್ಟನೆಯ ಮದುಮಗಳು ತೊಟ್ಟ ಗೌನು ಎಂದು ಕೇಳುತ್ತಾರೆ.

"ಮೂವತ್ತೆಂಟನೆಯವಳು ನಿಮ್ಮ ಮಗಳು," ಎಂದು ಜೆರ್ಟ್ರೂಡ್ ಉತ್ತರಿಸುತ್ತಿದ್ದಳು. "ಒಂದನೆಯವಳೇ ಆಗಬೇಕಾದರೆ ಹೊಲಿಸಿಕೊಳ್ಳಿ. ಉಡುಪಿಯಲ್ಲಿ ಟೈಲರುಗಳಿಗೆ ಎಂತ ಬರಗಾಲವಾ?"

ಅವಳ ಹತ್ತಿರ ಮೂರು ಗೌನುಗಳಿದ್ದವು. ಎಲ್ಲರಿಗೂ ಬೇಕಾದದ್ದು ಒಂದೇ: ಅವಳ ತಮ್ಮ ಮ್ಯಾಕ್ಸಿಮ್ ೧೯೭೭ರಲ್ಲಿ ಕುವೈಟಿನಿಂದ ಕಳಿಸಿದ, ಮೈತುಂಬ ಹತ್ತಿಯ ಲೇಸು ಇದ್ದ ಗೌನು. ಉಳಿದವೆರಡು ಅದು ಸಿಗದವರಿಗೆ. ವಿಧವೆಯಾದ ಅವಳ ಮನೆ ನಡೆಯುತ್ತಿದ್ದುದು ಆ ಕುವೈಟ್ ಗೌನಿನ ಮೇಲೆ, ಆ ಗೌನು ನಡೆಯುತ್ತಿದ್ದುದು ಅದರ ಬಿಳಿಯ ಮೇಲೆ.

೧೯೮೩ರ ಏಪ್ರಿಲ್ ೧೮, ಸೋಮವಾರ ಬೆಳಿಗ್ಗೆ ಆ ಬಿಳಿ ಹೋಯಿತು.

ಶನಿವಾರ ಕಾರ್ಕಳದ ಮದುವೆಗೆ ಹೋಗಿದ್ದ ಗೌನು ಭಾನುವಾರ ವಾಪಸು ಬಂದಿತ್ತು; ಅಂಚಿಗೆ ಮಣ್ಣು, ಎದೆಗೆ ದ್ರಾಕ್ಷಾರಸ. ಬುಧವಾರ ಹತ್ತು ಗಂಟೆಗೆ ಕಾಪುವಿನ ರೋಸಲಿನ್ ಬಾಯಿಯ ಮಗಳು ಲೊರ್ನಾಳ ಮದುವೆ. ಮಂಗಳವಾರ ಸಂಜೆ ತಾಯಿ, ಮಗಳು ಇಬ್ಬರೂ ಬಂದು ಗೌನು ಕೊಂಡೊಯ್ಯುವುದೆಂದು ಮಾತಾಗಿತ್ತು. ಒಗೆಯಲು ಒಂದು ದಿನ, ಗಂಜಿ ಹಾಕಿ ಇಸ್ತ್ರಿ ಮಾಡಲು ಇನ್ನೊಂದು ದಿನ. ಈಸ್ಟರ್ ಕಳೆದ ಮೇಲೆ ಪ್ರತಿ ವರ್ಷವೂ ಹೀಗೆಯೇ. ನಲವತ್ತು ದಿನಗಳ ತಪಸ್ಸಿನ ಕಾಲದಲ್ಲಿ ಇಗರ್ಜಿಯಲ್ಲಿ ಮದುವೆಗಳಿಲ್ಲ, ಗೌನುಗಳು ಪೆಟ್ಟಿಗೆಯಲ್ಲಿ ಮಲಗಿರುತ್ತವೆ. ಈಸ್ಟರ್ ಮುಗಿದದ್ದೇ ಊರಿನವರಿಗೆಲ್ಲ ಒಮ್ಮೆಲೇ ಮದುವೆಯ ಅವಸರ.

ಅವಳು ಯಾವಾಗಿನಂತೆಯೇ ಮಾಡಿದಳು. ಸಿಮೆಂಟಿನ ತೊಟ್ಟಿ ತುಂಬ ನೀರು, ಸಾಬೂನು, ಆಮೇಲೆ ಬಟ್ಟೆಯಲ್ಲಿ ಕಟ್ಟಿ ಅದ್ದಿ ತೆಗೆದ ಬ್ಲೀಚಿಂಗ್ ಪೌಡರ್. ಬೇರೆಯಾಗಿದ್ದದ್ದು ನೀರು ಮಾತ್ರ. ಬಾವಿ ತಳ ಕಂಡಿತ್ತು, ಕುಡಿಯಲು ಅಡುಗೆಗೆ ಸಾಕಾಗುವಷ್ಟು ಮಾತ್ರ ಇತ್ತು. ಆದ್ದರಿಂದ ರಸ್ತೆ ಬದಿಯ ಹೊಸ ಕೊಳವೆಬಾವಿಯ ಕೈಪಂಪಿನಿಂದ ಎಂಟು ಕೊಡ ಹೊತ್ತು ತಂದಿದ್ದಳು. ಪಂಪು ಬಂದದ್ದು ಮಾರ್ಚಿನಲ್ಲಿ, ತಪಸ್ಸಿನ ಕಾಲದ ನಡುವೆ. ಹಾಗಾಗಿ ಅದರ ನೀರಿಗೆ ಗೌನು ಇಳಿದದ್ದು ಅದೇ ಮೊದಲು. ಮನೆಯ ಬಣ್ಣದ ಬಟ್ಟೆಗಳನ್ನು ಅದರಲ್ಲೇ ಒಗೆಯುತ್ತಿದ್ದಳು, ಏನೂ ಆಗಿರಲಿಲ್ಲ. ಕೊಡದಲ್ಲಿದ್ದಾಗ ನೀರು ಗಾಜಿನಷ್ಟು ತಿಳಿಯಾಗಿತ್ತು.

ಬ್ಲೀಚಿಂಗ್ ಹಾಕಿ ಕೈಯಾಡಿಸುವಷ್ಟರಲ್ಲಿ ತೊಟ್ಟಿಯ ನೀರು ಚಹಾದ ಬಣ್ಣಕ್ಕೆ ತಿರುಗಿತು. ಗೌನನ್ನು ಎತ್ತಿದಳು. ಲೇಸಿನ ಒಂದೊಂದು ಹೂವಿನಲ್ಲೂ ಹಳದಿ ಕೂತಿತ್ತು. ಕೊಳೆ ಬಿಡುತ್ತಿದೆ ಎಂದುಕೊಂಡು ಇನ್ನಷ್ಟು ಬ್ಲೀಚಿಂಗ್ ಹಾಕಿದಳು. ಹಳದಿ ಕೆಂಪಾಯಿತು. ಮೂರನೆಯ ಸಲ ಹಾಕುವ ಮೊದಲು ಅವಳ ಕೈ ತಾನಾಗಿ ನಿಂತಿತು.

"ಎಂತ ಜೆರ್ಟ್ರೂಡಮ್ಮ, ಮದುವೆಗೆ ಕಾವಿ ಗೌನಾ?" ಎಂದು ಕಂಪೌಂಡಿನ ಆಚೆಯಿಂದ ಕುಂಞಿಪಾತುಮ್ಮ ಕೇಳಿದಳು. ಪಕ್ಕದ ಮನೆಯ ಈ ಬ್ಯಾರಿ ಹೆಂಗಸು ತೆಂಗಿನ ಗರಿ ಹೆಣೆಯುವ ನೆವದಲ್ಲಿ ಬೆಳಗಿನಿಂದ ಅಲ್ಲೇ ಕೂತಿದ್ದಳು. "ಅದು ಪಂಪಿನ ನೀರಲ್ವಾ? ನಾನು ಅದರಲ್ಲಿ ಒಂದೇ ಒಂದು ದಿನ ಚಾಯ ಮಾಡಿದ್ದು. ಶಾಯಿ ಆಯಿತು, ಶಾಯಿ! ಮೊಮ್ಮಗಳು ಅದ್ದಿ ಬರೆಯಬಹುದಿತ್ತು."

"ಆಗಲೇ ಹೇಳಬೇಕಿತ್ತು."

"ಹೇಳಿದೆ. ಸರ್ಟಿಫಿಕೇಟ್ ಉಂಟು, ನಿಮಗೆ ಓದಲು ಬರುವುದಿಲ್ಲ ಅಂತ ನೀವೇ ಹೇಳಿದ್ದು."

ಹೇಳಿದ್ದು ನಿಜ. ತಪ್ಪು ತನ್ನದಿದ್ದಾಗ ಸುಮ್ಮನಿರುವುದು ಜೆರ್ಟ್ರೂಡ್‌ಗೆ ಗೊತ್ತಿತ್ತು. ಅಂಥ ಸಂದರ್ಭಗಳು ಹೆಚ್ಚು ಬರುತ್ತಿರಲಿಲ್ಲ.

ಸರ್ಟಿಫಿಕೇಟು ಕೊಟ್ಟದ್ದು ಸ್ಟ್ಯಾನಿಸ್ಲಾಸ್ ಮಾಸ್ಟ್ರು. ಅವರು ಉಡುಪಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಲೆಕ್ಚರರ್. ಕೊರಂಟಬೆಟ್ಟಿನವರು ಮಾತ್ರ ಮಾಸ್ಟ್ರು ಎಂದೇ ಕರೆಯುತ್ತಿದ್ದರು, ಅದು ಅವರಿಗೆ ಹಿಡಿಸುತ್ತಿರಲಿಲ್ಲ. ಊರಿನ ನೀರಿನ ಸಮಿತಿಗೆ ಅವರೇ ಕಾರ್ಯದರ್ಶಿ. ಪಂಪು ಕೂತ ವಾರದಲ್ಲೇ ನೀರನ್ನು ಸ್ವತಃ ಪರೀಕ್ಷೆ ಮಾಡಿ, "ಕಬ್ಬಿಣದ ಅಂಶ: ಇಲ್ಲ. ಗೃಹಬಳಕೆಗೆ ಯೋಗ್ಯ" ಎಂದು ಟೈಪು ಮಾಡಿಸಿ, ಸಹಿ ಹಾಕಿ, ಗಾಜು ಹಾಕಿಸಿ ಪಂಪಿನ ಹತ್ತಿರದ ಅಂಗಡಿಯ ಗೋಡೆಗೆ ತೂಗುಹಾಕಿದ್ದರು. ಜೆರ್ಟ್ರೂಡ್‌ಗೆ ಆ ಮನುಷ್ಯನ ಮೇಲೆ ಕಾಸಿನ ಗೌರವ ಇರಲಿಲ್ಲ. ಆದರೆ ಅವರ ಬಿ.ಎಸ್‌ಸಿ., ಎಂ.ಎಸ್‌ಸಿ.ಯನ್ನು ನಂಬಿದ್ದಳು. ಈಗ ತೊಟ್ಟಿಯ ಮುಂದೆ ನಿಂತಾಗ ತನ್ನ ಆ ನಂಬಿಕೆಯೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಅಸಹ್ಯ ತಂದಿತು.

ಎದುರು ಮನೆಗೆ ಹೋಗಿ ಅವರನ್ನು ಕರೆತಂದಳು. ಮಾಸ್ಟ್ರು ಲುಂಗಿ ಬದಲಿಸಿ, ಪ್ಯಾಂಟು ಹಾಕಿಕೊಂಡು, ಕನ್ನಡಕ ಒರೆಸಿಕೊಂಡು ಬಂದರು. ಗೌನನ್ನು ಮುಟ್ಟಲಿಲ್ಲ. ಎರಡು ಹೆಜ್ಜೆ ದೂರದಿಂದಲೇ ತೀರ್ಪು ಕೊಟ್ಟರು.

"ಬಟ್ಟೆ ಹಳತಾಗಿದೆ, ಜೆರ್ಟ್ರೂಡ್ ಬಾಯಿ. ಹತ್ತಿಗೆ ವಯಸ್ಸಾದರೆ ಹಳದಿಯಾಗುವುದು ಸಹಜ."

"ಬೆಳಿಗ್ಗೆ ಏಳು ಗಂಟೆಗೆ ಬಿಳಿ ಇತ್ತು. ಏಳೂವರೆಗೆ ವಯಸ್ಸಾಯಿತಾ?"

"ಹಾಗಾದರೆ ದ್ರಾಕ್ಷಾರಸದ ಕಲೆ ಹರಡಿದೆ."

"ಒಂದು ಗ್ಲಾಸು ದ್ರಾಕ್ಷಾರಸ ಕುತ್ತಿಗೆಯಿಂದ ಬಾಲದವರೆಗೆ ಹರಡಿತಾ? ಆ ಮದುಮಗ ಪೀಪಾಯಿಯನ್ನೇ ಮಗುಚಿರಬೇಕು. ನೀರಿನಲ್ಲಿ ಕಬ್ಬಿಣ ಉಂಟು, ಮಾಸ್ಟ್ರೇ."

"ಇಲ್ಲ." ಅವರು ನಕ್ಕರು. ವಿದ್ಯಾರ್ಥಿಗಳಿಗೆ ಕಡಿಮೆ ಅಂಕ ಕೊಡುವಾಗಲೂ ಅವರು ಹೀಗೆಯೇ ನಗುತ್ತಿರಬೇಕು. "ಪರೀಕ್ಷೆ ಮಾಡಿದ್ದು ನಾನು. ಥಯೋಸಯನೇಟ್ ಎಂಬ ದ್ರಾವಣ ಉಂಟು. ಕಬ್ಬಿಣ ಇದ್ದರೆ ಒಂದು ಹನಿ ಹಾಕಿದಾಗ ನೀರು ರಕ್ತದಂತೆ ಕೆಂಪಾಗಬೇಕು. ಆಗಲಿಲ್ಲ. ಮೂರು ಸಲ ಮಾಡಿದೆ, ಮೂರು ಸಲವೂ ಆಗಲಿಲ್ಲ."

"ನೀರು ಯಾವಾಗ ತಂದದ್ದು?"

"ಶನಿವಾರ. ಪರೀಕ್ಷೆ ಸೋಮವಾರ. ಭಾನುವಾರ ಲ್ಯಾಬು ಮುಚ್ಚಿರುತ್ತದೆ."

"ಎರಡು ದಿನ ಇಟ್ಟದ್ದು. ಎಂತದರಲ್ಲಿ?"

"ಪ್ಲಾಸ್ಟಿಕ್ ಕ್ಯಾನಿನಲ್ಲಿ. ಆಮೇಲೆ ಸೋಸಿದೆ. ಸೋಸದೆ ಯಾವ ಪರೀಕ್ಷೆಯನ್ನೂ ಮಾಡುವ ಹಾಗಿಲ್ಲ, ಪ್ರಾಕ್ಟಿಕಲ್ ಪುಸ್ತಕದ ಮೊದಲ ಪುಟದಲ್ಲೇ ಉಂಟು."

"ಸೋಸಿದ ಕಾಗದದಲ್ಲಿ ಎಂತ ಉಳಿಯಿತು?"

"ಕೆಂಪು ಮಣ್ಣು. ಸ್ವಲ್ಪ."

"ಅದನ್ನು ಎಂತ ಮಾಡಿದ್ರಿ?"

"ಎಸೆದೆ," ಎಂದರು ಮಾಸ್ಟ್ರು. ಕಸವನ್ನು ಎಸೆಯದೆ ಮತ್ತೇನು ಮಾಡಬೇಕು ಎಂಬಂತೆ ಅವಳನ್ನೇ ನೋಡಿದರು.

ಜೆರ್ಟ್ರೂಡ್ ಓದಿದ್ದು ಎಂಟನೆಯ ತರಗತಿ. ಆದರೆ ನೀರನ್ನು, ಬಟ್ಟೆಯನ್ನು, ಬಣ್ಣವನ್ನು ಹದಿನಾಲ್ಕು ವರ್ಷ ನೋಡಿದ್ದಳು. ಅವಳು ಒಳಗೆ ಹೋಗಿ ಎರಡು ಗಾಜಿನ ಲೋಟ ತಂದಳು. ಒಂದರಲ್ಲಿ ಬಾವಿಯ ನೀರು. ಇನ್ನೊಂದನ್ನು ಹಿಡಿದುಕೊಂಡು ಪಂಪಿಗೆ ಹೋಗಿ, ನಾಲ್ಕು ಸಲ ಒತ್ತಿ, ಹೊಸ ನೀರು ಹಿಡಿದು ತಂದಳು. ಎರಡನ್ನೂ ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟಳು. ಎರಡೂ ಒಂದೇ ರೀತಿ ತಿಳಿಯಾಗಿದ್ದವು. ಯಾವುದು ಯಾವುದೆಂದು ಕಣ್ಣಿಗೆ ಹೇಳಲು ಸಾಧ್ಯವಿರಲಿಲ್ಲ.

"ಈಗ ನೋಡಿ, ಪ್ರೊಫೆಸರರೇ."

ಬ್ಲೀಚಿಂಗ್ ನೀರನ್ನು ಒಂದೊಂದು ಚಮಚ ಎರಡಕ್ಕೂ ಹಾಕಿದಳು. ಬಾವಿಯ ನೀರು ಇದ್ದ ಹಾಗೆಯೇ ಇತ್ತು. ಪಂಪಿನ ನೀರು ಅವರಿಬ್ಬರ ಕಣ್ಣೆದುರಿನಲ್ಲೇ ಹಳದಿಯಾಯಿತು, ಕಿತ್ತಳೆಯಾಯಿತು, ಸ್ವಲ್ಪ ಹೊತ್ತಿನಲ್ಲಿ ಅದರೊಳಗೆ ಸಣ್ಣ ಸಣ್ಣ ಕೆಂಪು ತುಣುಕುಗಳು ತೇಲತೊಡಗಿದವು.

ಮಾಸ್ಟ್ರು ಲೋಟಕ್ಕೆ ಬಾಗಿದರು. ಬಹಳ ಹೊತ್ತು ಬಾಗಿಯೇ ಇದ್ದರು. ನೆಟ್ಟಗಾದಾಗ ಅವರ ಮುಖದಲ್ಲಿ ನಾಚಿಕೆ ಇರಲಿಲ್ಲ. ಪಾಠ ಮಾಡುವ ಉತ್ಸಾಹ ಇತ್ತು. ಅದನ್ನು ಕಂಡು ಜೆರ್ಟ್ರೂಡ್‌ಗೆ ಲೋಟವನ್ನು ಅವರ ತಲೆಯ ಮೇಲೆ ಸುರಿಯುವ ಮನಸ್ಸಾಯಿತು.

"ಫೆರಸ್!" ಎಂದರು. "ನೋಡಿ ಬಾಯಿ, ನೆಲದೊಳಗೆ ಗಾಳಿ ಇಲ್ಲ. ಅಲ್ಲಿ ಕಬ್ಬಿಣ ಫೆರಸ್ ರೂಪದಲ್ಲಿರುತ್ತದೆ. ಅದು ಸಕ್ಕರೆಯ ಹಾಗೆ ಕರಗಿರುತ್ತದೆ, ಬಣ್ಣವೇ ಇಲ್ಲ. ಹೊರಗೆ ಬಂದು ಗಾಳಿ ತಾಗಿದರೆ ಫೆರಿಕ್ ಆಗುತ್ತದೆ. ಫೆರಿಕ್‌ಗೆ ಇಂಥ ನೀರಿನಲ್ಲಿ ಕರಗಿ ಇರಲು ಆಗುವುದಿಲ್ಲ. ತುಕ್ಕಿನ ಪುಡಿಯಾಗಿ ಕೆಳಗೆ ಇಳಿಯುತ್ತದೆ. ಗಾಳಿ ಅದನ್ನು ನಿಧಾನವಾಗಿ ಮಾಡುತ್ತದೆ, ಬ್ಲೀಚಿಂಗ್ ಒಂದೇ ನಿಮಿಷದಲ್ಲಿ ಮಾಡುತ್ತದೆ. ನೀವು ಬ್ಲೀಚಿಂಗ್ ಹಾಕಿದ್ದರಿಂದಲೇ ತುಕ್ಕು ಸೀದಾ ಲೇಸಿನ ಎಳೆಯೊಳಗೆ ಹುಟ್ಟಿತು. ತಪ್ಪು ನಿಮ್ಮದು."

"ತಪ್ಪು ನನ್ನದು," ಎಂದಳು ಜೆರ್ಟ್ರೂಡ್. "ಇಷ್ಟೆಲ್ಲ ಗೊತ್ತಿದ್ದವರು ಕ್ಯಾನಿನ ತಳದಲ್ಲಿ ಇಳಿದ ಕಬ್ಬಿಣವನ್ನು ಸೋಸಿ ಎಸೆದು, ಉಳಿದ ನೀರಿಗೆ ಕಬ್ಬಿಣ ಇಲ್ಲ ಅಂತ ಬರೆದ್ರಿ. ಮೀನು ಮಾರಿ ಮುಗಿಸಿದ ಬುಟ್ಟಿ ನೋಡಿ ಸಮುದ್ರದಲ್ಲಿ ಮೀನಿಲ್ಲ ಅಂದ ಹಾಗೆ."

ಗೋಡೆಯ ಆಚೆ ಕುಂಞಿಪಾತುಮ್ಮ ಗರಿ ಹೆಣೆಯುವುದನ್ನು ನಿಲ್ಲಿಸಿ ಸದ್ದು ಮಾಡಿಯೇ ನಕ್ಕಳು. ಮಾಸ್ಟ್ರು ಕನ್ನಡಕವನ್ನು ಇನ್ನೊಮ್ಮೆ ಒರೆಸಿದರು.

"ಪುಸ್ತಕದಲ್ಲಿ ಸೋಸಬೇಕು ಅಂತ ಉಂಟು," ಎಂದು ಮೆಲ್ಲಗೆ ಹೇಳಿದರು.

"ಪುಸ್ತಕ ಸಾಕು. ಈ ತುಕ್ಕನ್ನು ತೆಗೆಯುವುದು ಹೇಗೆ? ನಾಳೆ ಸಂಜೆ ಆ ರೋಸಲಿನ್ ಬರ್ತಾಳೆ. ಗೌನು ಈ ಬಣ್ಣದಲ್ಲಿ ಅವಳ ಕೈಗೆ ಸಿಕ್ಕಿದರೆ ಭಾನುವಾರದೊಳಗೆ ಎಲ್ಲ ಇಗರ್ಜಿಗಳಲ್ಲೂ ಸುದ್ದಿ. ಆಮೇಲೆ ನನ್ನ ಬಾಗಿಲಿಗೆ ಬರುವುದು ಹಳೆಬಟ್ಟೆಯವನು ಮಾತ್ರ."

"ಆಕ್ಸಾಲಿಕ್ ಆಮ್ಲ," ಎಂದರು ಮಾಸ್ಟ್ರು ಒಂದು ಕ್ಷಣವೂ ತಡೆಯದೆ. ನೋಡದ ವಿಷಯದಲ್ಲಿ ಅವರು ಎಂದೂ ತಡವರಿಸಿದವರಲ್ಲ. "ಅದು ತುಕ್ಕನ್ನು ಹಿಡಿದುಕೊಂಡು ಪುನಃ ನೀರಿಗೆ ಇಳಿಸುತ್ತದೆ. ಹತ್ತಿಗೂ ಅಷ್ಟು ಹಾನಿ ಇಲ್ಲ."

"ತನ್ನಿ."

"ಲ್ಯಾಬಿನಲ್ಲಿ ಉಂಟು. ಆದರೆ ಕಪಾಟಿನ ಬೀಗದ ಕೈ ಅಟೆಂಡರ್ ಹತ್ತಿರ. ಅವನ ಮನೆ ಅಲೆವೂರು. ರಜೆಯಲ್ಲಿ ಹೋಗಿ ಕೇಳಿದರೆ ಯಾಕೆ ಅಂತ ಕೇಳ್ತಾನೆ."

"ಹೇಳಿ."

ಎಂ.ಎಸ್‌ಸಿ. ಆದ ಮನುಷ್ಯನಿಗೆ ಅಟೆಂಡರನ ಒಂದು 'ಯಾಕೆ'ಯ ಹೆದರಿಕೆ. ಜೆರ್ಟ್ರೂಡ್ ಅವರನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಇಂಥವರ ಸಹಿಗೆ ಗಾಜು ಹಾಕಿಸುವ ಊರು ಇದು.

"ಉಡುಪಿಯ ಅಂಗಡಿಗಳಲ್ಲಿಯೂ ಸಿಗಬಹುದು," ಎಂದರು ಮಾಸ್ಟ್ರು. "ನಾಳೆ ವಿಚಾರಿಸೋಣ."

"ನಾಳೆ ಇಸ್ತ್ರಿಯಾಗಬೇಕು. ಆ ಆಮ್ಲ ಬೇರೆ ಯಾವುದರಲ್ಲಿ ಉಂಟು? ಬಾಟಲಿ ಬಿಟ್ಟು ಹೇಳಿ."

"ಪ್ರಕೃತಿಯಲ್ಲಾ? ಹಲವು ಸಸ್ಯಗಳಲ್ಲಿ ಉಂಟು." ಅವರು ಕಣ್ಣು ಮುಚ್ಚಿ ನೆನಪಿನಿಂದ ಓದತೊಡಗಿದರು. "ಪಾಲಕ್ ಸೊಪ್ಪು. ಹುಳಿಸೊಪ್ಪು. ಅತಿ ಹೆಚ್ಚು ಪ್ರಮಾಣದಲ್ಲಿ ಅವೆರೋವಾ ಬಿಲಿಂಬಿ ಎಂಬ ಮರದ ಕಾಯಿಯಲ್ಲಿ."

"ಎಂತ ಮರ?"

"ಅವೆರೋವಾ ಬಿಲಿಂಬಿ. ಉಷ್ಣವಲಯದ ಮರ. ಕಾಂಡಕ್ಕೆ ಅಂಟಿಕೊಂಡೇ ಗೊಂಚಲಾಗಿ ಕಾಯಿ ಬಿಡುತ್ತದೆ. ಹಸಿರು, ಬೆರಳುದ್ದ, ಬಹಳ ಹುಳಿ."

ಜೆರ್ಟ್ರೂಡ್ ಕುಂಞಿಪಾತುಮ್ಮನ ಕಡೆ ನೋಡಿದಳು. ಕುಂಞಿಪಾತುಮ್ಮ ಜೆರ್ಟ್ರೂಡಳ ಕಡೆ ನೋಡಿದಳು.

"ಬಿಂಬುಳಿ, ಮಾರಾಯ್ರೇ!" ಎಂದಳು ಕುಂಞಿಪಾತುಮ್ಮ. "ನಿಮ್ಮ ಬಚ್ಚಲಿನ ಹಿಂದೆ ಉಂಟಲ್ಲ! ಕಾಯಿ ಬಿದ್ದು ಅಂಗಳ ಗಲೀಜು ಅಂತ ಪ್ರತಿ ವರ್ಷ ಕಡಿಸಲಿಕ್ಕೆ ಹೊರಡ್ತೀರಲ್ಲ, ಅದು! ಮೀನಿನ ಸಾರಿಗೆ ನಾನು ಕೊಂಡುಹೋಗುವುದು ಎಲ್ಲಿಂದ ಅಂತ ಮಾಡಿದ್ರಿ?"

ಮಾಸ್ಟ್ರು ತಮ್ಮ ಮನೆಯ ಕಡೆ ತಿರುಗಿದರು. ಬಚ್ಚಲಿನ ಹಿಂದಿನ ಮರ ಅಲ್ಲಿಂದಲೇ ಕಾಣುತ್ತಿತ್ತು. ಇಪ್ಪತ್ತು ವರ್ಷ ಅದರ ಕೆಳಗೆ ಓಡಾಡಿದ ಮನುಷ್ಯ ಅದನ್ನು ಈಗಷ್ಟೇ ಯಾರೋ ತಂದು ನೆಟ್ಟರು ಎಂಬಂತೆ ನೋಡಿದರು.

ಹೆಂಗಸರಿಬ್ಬರೂ ಎರಡು ಬುಟ್ಟಿ ಬಿಂಬುಳಿ ಕೊಯ್ದರು, ಒರಳಿಗೆ ಹಾಕಿ ಜಜ್ಜಿದರು, ಬಟ್ಟೆಯಲ್ಲಿ ಹಿಂಡಿದರು. ಜೆರ್ಟ್ರೂಡ್ ಮೊದಲು ಗೌನನ್ನು ಬಾವಿಯ ಒಂದು ಕೊಡ ನೀರಿನಲ್ಲಿ ಅದ್ದಿ ಬ್ಲೀಚಿಂಗ್ ಬಿಡಿಸಿದಳು, ಆಮೇಲೆ ಒಳಮಡಿಕೆಯ ಒಂದು ತುಂಡನ್ನು ಮಾತ್ರ ರಸದಲ್ಲಿ ಮುಳುಗಿಸಿ ನೋಡಿದಳು. ಹತ್ತು ನಿಮಿಷಕ್ಕೆ ಕೆಂಪು ಹಳದಿಯಾಯಿತು, ಅರ್ಧ ಗಂಟೆಗೆ ಹಳದಿ ಹೋಯಿತು. ಲೇಸು ಗಟ್ಟಿಯಾಗಿಯೇ ಇತ್ತು. ಆಗ ಇಡೀ ಗೌನನ್ನು ಇಳಿಸಿದಳು.

ಮಾಸ್ಟ್ರು ತಮ್ಮ ಕೆಲಸ ಮುಗಿಯಿತೆಂದು ಹೊರಟಿದ್ದರು.

"ಎಲ್ಲಿಗೆ?" ಎಂದಳು ಜೆರ್ಟ್ರೂಡ್. "ಈ ಹುಳಿಯನ್ನು ಎಂತದರಲ್ಲಿ ತೊಳೆಯುವುದು? ನಾಲ್ಕು ಸಲ ಜಾಲಿಸಬೇಕು, ಹತ್ತು ಕೊಡ ನೀರು ಬೇಕು. ಬಾವಿಯಲ್ಲಿ ಇನ್ನು ಕೆಸರೇ. ಪಾತುಮ್ಮನ ಬಾವಿಯೂ ಅಷ್ಟೇ."

"ಪಂಪಿನ ನೀರು..." ಎಂದು ಬಾಯಿ ತೆರೆದ ಮಾಸ್ಟ್ರು ಅದನ್ನು ತಾವಾಗಿಯೇ ಮುಚ್ಚಿದರು. ಆ ದಿನದಲ್ಲಿ ಅವರು ಮಾಡಿದ ಮೊದಲ ಸರಿಯಾದ ಕೆಲಸ ಅದು.

ಜೆರ್ಟ್ರೂಡ್ ಸ್ವಲ್ಪ ಹೊತ್ತು ಕಟ್ಟೆಯ ಮೇಲಿನ ಲೋಟವನ್ನು ನೋಡುತ್ತ ನಿಂತಳು. ಕೆಂಪು ತುಣುಕುಗಳು ತಳಕ್ಕೆ ಇಳಿಯತೊಡಗಿದ್ದವು. ಮೇಲಿನ ಎರಡು ಬೆರಳಿನಷ್ಟು ನೀರು ತಿಳಿಯಾಗಿತ್ತು.

"ನೀವು ಪರೀಕ್ಷೆ ಮಾಡಿದ ನೀರಿನಲ್ಲಿ ಕಬ್ಬಿಣ ಇರಲಿಲ್ಲ ಅಲ್ವಾ?" ಎಂದಳು.

"ಇರಲಿಲ್ಲ. ಅದನ್ನೇ ಹೇಳುತ್ತಿದ್ದೇನೆ ಆಗಿನಿಂದ."

"ಇಟ್ಟು, ಇಳಿಸಿ, ಸೋಸಿದ ನೀರು."

"ಹೌದು."

"ನನಗೆ ಆ ನೀರು ಬೇಕು. ಹತ್ತು ಕೊಡ. ನಿಮ್ಮ ಸರ್ಟಿಫಿಕೇಟಿನಲ್ಲಿ ಬರೆದ ನೀರು ಈ ಊರಿನಲ್ಲಿ ಎಲ್ಲಿಯೂ ಇಲ್ಲ, ಮಾಸ್ಟ್ರೇ. ನೀವೇ ಮಾಡಿ ಕೊಡಬೇಕು."

ಮಾಸ್ಟ್ರು ಅರ್ಥವಾಗದವರಂತೆ ನಿಂತರು, ಆಮೇಲೆ ಅರ್ಥವಾದವರಂತೆ ನಿಂತರು. ಎರಡರಲ್ಲಿ ಎರಡನೆಯದು ಹೆಚ್ಚು ದಯನೀಯವಾಗಿತ್ತು. ಪ್ಯಾಂಟು ಮಡಚಿಕೊಂಡು ಪಂಪಿಗೆ ಹೋದರು. ಅಂಗಡಿಯ ಮುಂದೆ ಬೀಡಿ ಸೇದುತ್ತಿದ್ದವರು, ಲೆಕ್ಚರರ್ ಸಾಹೇಬರು ತಮ್ಮದೇ ಸಹಿಯ ಕೆಳಗೆ ಪಂಪು ಒತ್ತುವುದನ್ನು ಹದಿನೈದು ಕೊಡಗಳವರೆಗೂ ಕದಲದೆ ನೋಡಿದರು. ಹತ್ತು ಕೊಡ ಸಿಗಲು ಅಷ್ಟು ಬೇಕಾಗಿತ್ತು, ಯಾಕೆಂದರೆ ತುಕ್ಕು ಇಳಿದ ತಳದ ನೀರನ್ನು ಬಿಡಬೇಕು. ಜೆರ್ಟ್ರೂಡ್ ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿಸಿ, ಒಂದು ಹಿಡಿ ಬ್ಲೀಚಿಂಗ್ ಹಾಕಿ, ಕೊಡದಿಂದ ಎತ್ತಿ ಎತ್ತಿ ಸುರಿಯಲು ಅವರಿಗೇ ಹೇಳಿದಳು. ಗಾಳಿ ತಾಗಬೇಕು ಎಂದು ಹೇಳಿದ್ದು ಅವರೇ ತಾನೇ.

"ಕೈ ನೋಯುತ್ತದೆ," ಎಂದರು ಮಾಸ್ಟ್ರು.

"ಇದೇ ಪ್ರಾಕ್ಟಿಕಲ್ಲು," ಎಂದಳು.

ಮರುದಿನ ಬೆಳಿಗ್ಗೆ ಡ್ರಮ್ಮಿನ ತಳದಲ್ಲಿ ಎರಡು ಬೆರಳು ದಪ್ಪ ಕೆಂಪು ರಾಡಿ ಕೂತಿತ್ತು. ತಳ ತೂತಾದ ಮಡಕೆಗೆ ತೊಳೆದ ಹೊಯಿಗೆ ಮರಳು ತುಂಬಿಸಿ, ಮೇಲಿನ ನೀರನ್ನು ಅದರ ಮೂಲಕ ಇಳಿಸಿದರು. ಜೆರ್ಟ್ರೂಡ್ ಒಂದು ಲೋಟ ಹಿಡಿದು ಬ್ಲೀಚಿಂಗ್ ನೀರು ಒಂದು ಚಮಚ ಹಾಕಿದಳು. ಕಾಲು ಗಂಟೆ ಕಾದಳು. ಬಣ್ಣ ಬರಲಿಲ್ಲ. ಇನ್ನೂ ಕಾಲು ಗಂಟೆ ಕಾದಳು, ಯಾಕೆಂದರೆ ನೀರು ಮಾಡಿದವರು ಯಾರೆಂದು ಅವಳಿಗೆ ಗೊತ್ತಿತ್ತು. ಆಮೇಲೆ ರಾತ್ರಿಯೆಲ್ಲ ಹುಳಿಯಲ್ಲಿದ್ದ ಗೌನನ್ನು ನಾಲ್ಕು ಸಲ ಜಾಲಿಸಿ, ಗಂಜಿ ಹಾಕಿ, ನೆರಳಿನಲ್ಲಿ ಹರಡಿದಳು.

ಒಣಗುತ್ತ ಬಂದ ಹಾಗೆ ಅದು ಬಿಳಿಯಾಗುತ್ತಲೇ ಹೋಯಿತು. ಹಳೆಯ ಬೆವರಿನ ಕಲೆ, ಕಬ್ಬಿಣದ ಪೆಟ್ಟಿಗೆಯ ತುಕ್ಕಿನ ಗುರುತು, ಆರು ವರ್ಷಗಳಿಂದ ಹೋಗದಿದ್ದದ್ದೆಲ್ಲ ಹೋಗಿತ್ತು. ಕುವೈಟಿನ ಪೆಟ್ಟಿಗೆಯಿಂದ ತೆಗೆದ ದಿನವೂ ಅದು ಅಷ್ಟು ಬಿಳಿ ಇದ್ದ ನೆನಪು ಅವಳಿಗಿರಲಿಲ್ಲ. ಇಸ್ತ್ರಿ ಮುಗಿಸಿ ಕಿಟಕಿಗೆ ತೂಗುಹಾಕಿ ನೋಡಿದಳು. ತಪಸ್ಸಿನ ಕಾಲದಿಂದೀಚೆಗೆ ಅವಳು ತಿರಸ್ಕಾರವಿಲ್ಲದೆ ನೋಡಿದ ವಸ್ತು ಅದೊಂದೇ.

ಐದು ಗಂಟೆಗೆ ರೋಸಲಿನ್ ಬಾಯಿ ಮಗಳನ್ನು ಕರೆದುಕೊಂಡು ಕಾರಿನಲ್ಲಿ ಬಂದಳು. ಮದುವೆಗೆಂದು ಬಹರೈನಿನಿಂದ ಬಂದಿದ್ದ ಗಂಡ ಆಲ್ಫೋನ್ಸ್ ಕಾರಿನಲ್ಲೇ ಕೂತಿದ್ದ. ಲೊರ್ನಾ ಒಳಗೆ ಹೋಗಿ ಗೌನು ತೊಟ್ಟುಕೊಂಡು ಬಂದು ಬಾಗಿಲಲ್ಲಿ ನಿಂತಳು. ತಾಯಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು, ಲೇಸನ್ನು ಎತ್ತಿದಳು, ಹೊಲಿಗೆಗಳನ್ನು ಎಣಿಸುವವಳಂತೆ ನೋಡಿದಳು. ಹಿಡಿಯಲು ಒಂದು ಕಲೆಯೂ ಸಿಗಲಿಲ್ಲ. ಅವಳ ಮುಖದಲ್ಲಿ ನಿರಾಸೆ ಎದ್ದು ಕಾಣುತ್ತಿತ್ತು.

"ಬಿಳಿ ಸ್ವಲ್ಪ ಹೆಚ್ಚಾಯಿತಲ್ಲ ಬಾಯಿ," ಎಂದಳು ಕೊನೆಗೆ. "ಇಷ್ಟು ಬಿಳಿಯಲ್ಲಿ ನಮ್ಮ ಹುಡುಗಿ ಕಪ್ಪು ಕಾಣ್ತಾಳೆ. ಹೋದ ತಿಂಗಳು ನೋಡಿದಾಗ ಸ್ವಲ್ಪ ಕೆನೆ ಬಣ್ಣ ಇತ್ತು. ಅದು ಚಂದ ಇತ್ತು."

ಜೆರ್ಟ್ರೂಡ್‌ಗೆ ಒಮ್ಮೆಲೇ ಹಲವು ಉತ್ತರಗಳು ಬಾಯಿಗೆ ಬಂದವು. ಲೊರ್ನಾ ನೆಲ ನೋಡುತ್ತ ನಿಂತಿದ್ದಳು, ಆದ್ದರಿಂದ ಹೆಚ್ಚಿನವನ್ನು ನುಂಗಿದಳು.

"ಹುಡುಗಿ ಚಂದ ಇದ್ದಾಳೆ," ಎಂದಳು. "ಕೆನೆ ಬಣ್ಣ ನಿಮಗೆ ಬೇಕಾದರೆ ಹೇಳಿ. ಪಂಪು ಇಲ್ಲೇ ಉಂಟು, ಐದು ನಿಮಿಷದ ಕೆಲಸ."

ರೋಸಲಿನ್ ಬಾಯಿಗೆ ಅರ್ಥವಾಗಲಿಲ್ಲ. ಲೊರ್ನಾ ಮಾತ್ರ ತಲೆ ಎತ್ತಿ, "ಇದೇ ಇರಲಿ ಮಮ್ಮಿ," ಎಂದಳು. ತಾಯಿಯ ಎದುರು ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲಿರಬೇಕು, ಕಾರಿನಲ್ಲಿದ್ದ ಆಲ್ಫೋನ್ಸ್ ಕೂಡ ತಿರುಗಿ ನೋಡಿದ.

ಬುಧವಾರದ ಮದುವೆಗೆ ಜೆರ್ಟ್ರೂಡ್ ಹೋಗಲಿಲ್ಲ. ಬಾಡಿಗೆಗೆ ಕೊಟ್ಟ ಗೌನಿನ ಮದುವೆಗಳಿಗೆ ಅವಳು ಎಂದೂ ಹೋದವಳಲ್ಲ. ಶನಿವಾರ ಉಚ್ಚಿಲದಲ್ಲಿ ಇನ್ನೊಂದು ಮದುವೆ ಇತ್ತು, ಅದಕ್ಕೆ ಎರಡನೆಯ ಗೌನನ್ನು ಒಗೆಯಬೇಕಾಗಿತ್ತು. ಇಗರ್ಜಿಯಲ್ಲಿ ಹತ್ತರ ಪೂಜೆ ಶುರುವಾಗುವ ಹೊತ್ತಿಗೆ ಅವಳು ಎದುರು ಮನೆಯ ಬಾಗಿಲು ತಟ್ಟಿ, ಡ್ರಮ್ಮು ಖಾಲಿಯಾಗಿದೆ ಎಂದು ಮಾಸ್ಟ್ರಿಗೆ ತಿಳಿಸಿದಳು.